ಅಂಗಳದ ಹಾವಿಗೆ ನಮ್ಮ ಋಣವೇನು?

ಮನೆಯಂಗಳದಲ್ಲಿ ಹಾವು ಕಂಡರೆ ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಬಹುಕಾಲದಿಂದ ಎರಡು ಉತ್ತರಗಳಿವೆ. ಒಂದು ಕೋಲು, ಇನ್ನೊಂದು ಕೈಮುಗಿಯುವುದು. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಸೇರಿಕೊಂಡಿದೆ. ಹಾವು ಎಂಬ ಕೂಗು ಕೇಳಿದೊಡನೆ ಮನೆಯ ಹುಡುಗರು ಕೋಲು ಹುಡುಕುವುದಿಲ್ಲ, ಕಿಸೆಯಿಂದ ಫೋನು ತೆಗೆಯುತ್ತಾರೆ. ಇದನ್ನು ಕಂಡು ಹಿರಿಯರಲ್ಲಿ ಕೆಲವರು ನಗುತ್ತಾರೆ, ಕೆಲವರು ಗದರುತ್ತಾರೆ. ನಾನೂ ಇಪ್ಪತ್ತು ವರ್ಷಗಳಿಂದ ಹಿತ್ತಿಲಿನ ಹಾವುಗಳ ಫೋಟೋ ತೆಗೆಯುತ್ತ ಬಂದವನು. ಆದ್ದರಿಂದ ಈ ಮೂರನೆಯ ಉತ್ತರ ಮೊದಲಿನ ಎರಡಕ್ಕಿಂತ ಉತ್ತಮವೇ, ಅಥವಾ ಅದೂ ಬೇರೊಂದು ವೇಷದ ಕೋಲೇ ಎಂದು ಯೋಚಿಸುವ ಹೊಣೆ ನನ್ನ ಮೇಲಿದೆ.

ಕಾಸರಗೋಡಿನ ಕಡೆಯ ಮನೆಗಳನ್ನು ಬಲ್ಲವರಿಗೆ ಹಾವು ಎಲ್ಲಿಂದ ಬರುತ್ತದೆಂದು ಹೇಳಬೇಕಾಗಿಲ್ಲ. ಮುರಕಲ್ಲಿನ ಕಟ್ಟೆಯ ಸಂದುಗಳು, ತೆಂಗಿನ ಸಿಪ್ಪೆಯ ರಾಶಿ, ಕೊಟ್ಟಿಗೆಯ ಪಕ್ಕದ ಬೈಹುಲ್ಲು, ತೋಟದ ತರಗೆಲೆ, ಸೋಗೆ, ಹಾಳೆ, ತೋಡಿನ ಬದಿಯ ಪೊದೆ. ಇವೆಲ್ಲ ನಾವು ಮಾಡಿಟ್ಟ ವ್ಯವಸ್ಥೆಗಳು. ಅಡಿಕೆ ತೋಟದಲ್ಲಿ, ಅಟ್ಟದ ತೆಂಗಿನಕಾಯಿಯಲ್ಲಿ ಇಲಿಗಳನ್ನು ಸಾಕಿದವರೂ ನಾವೇ. ಇಲಿ ಇದ್ದಲ್ಲಿಗೆ ಕೇರೆ ಬರುತ್ತದೆ, ಕಪ್ಪೆ ಇದ್ದಲ್ಲಿಗೆ ನೀರೊಳ್ಳೆ ಬರುತ್ತದೆ. ಹಾಗಾಗಿ ಹಾವನ್ನು ಹೊರಗಿನಿಂದ ನುಗ್ಗಿ ಬಂದ ಶತ್ರುವೆನ್ನುವುದು ಸರಿಯಲ್ಲ, ಕರೆದು ಕೂರಿಸಿದ ಅತಿಥಿಯೆನ್ನುವುದೂ ಸರಿಯಲ್ಲ. ನಮ್ಮ ಬದುಕಿನ ಅಂಚಿನಲ್ಲಿ ತನ್ನ ಬದುಕನ್ನು ನಡೆಸುತ್ತಿರುವ ಜೀವಿ ಅದು, ಅಷ್ಟೆ.

ಬ್ಯಾಂಕಿನ ಗುಮಾಸ್ತನಾದ ನನಗೆ ಜಮೆ-ಖರ್ಚಿನ ಲೆಕ್ಕದಲ್ಲಿ ಯೋಚಿಸುವುದು ಅಭ್ಯಾಸ. ಹಾವಿನ ಪರವಾಗಿ ಶಾಲೆಗಳಲ್ಲಿ ಮಾಡುವ ಭಾಷಣಗಳೂ ಹೆಚ್ಚಾಗಿ ಇದೇ ಲೆಕ್ಕದವು: ಹಾವು ಇಲಿ ತಿನ್ನುತ್ತದೆ, ಇಲಿ ಬೆಳೆ ತಿನ್ನುತ್ತದೆ, ಆದ್ದರಿಂದ ಹಾವು ರೈತನ ಮಿತ್ರ. ಮಾತು ಸುಳ್ಳಲ್ಲ. ಆದರೆ ನೀತಿಯನ್ನು ಈ ಒಂದೇ ಕಂಬದ ಮೇಲೆ ನಿಲ್ಲಿಸಿದರೆ ಅದು ಬಹಳ ದಿನ ನಿಲ್ಲದು. ಬಾಳೆಗಿಡದ ಮೇಲೆ ಬಳ್ಳಿಯಂತೆ ತೂಗುವ ಹಸಿರು ಹಾವು ನಮಗೆ ಯಾವ ಉಪಕಾರವನ್ನು ಮಾಡಿದೆ? ಮಳೆಗಾಲದ ಹಸಿಮಣ್ಣಿನೊಳಗೆ ಎರೆಹುಳವನ್ನು ಹುಡುಕುತ್ತ ಇರುವ ಮೊಂಡುಬಾಲದ ಮಣ್ಣುಹಾವಿನ ಖಾತೆಯಲ್ಲಿ ನಮ್ಮ ಲೆಕ್ಕದ ಜಮೆ ಏನೂ ಇಲ್ಲ. ಉಪಯೋಗವಿಲ್ಲದವನಿಗೆ ಬದುಕುವ ಹಕ್ಕಿಲ್ಲವೆಂದಾದರೆ ಆ ನಿಯಮವನ್ನು ಹಾವಿನ ಹತ್ತಿರವೇ ನಿಲ್ಲಿಸಲು ಯಾರಿಗೂ ಸಾಧ್ಯವಾಗದು. ಮನೆಯ ಮುದುಕರವರೆಗೂ ಅದು ಬಂದೀತು.

ಇನ್ನು ಕೈಮುಗಿಯುವ ವಿಚಾರ. ನಮ್ಮದು ನಾಗಬನಗಳ ನಾಡು. ತುಳುವರ ಬನವೂ ಮಲಯಾಳದ ಸರ್ಪಕ್ಕಾವೂ ಇಲ್ಲಿ ಒಂದೇ ಗ್ರಾಮದೊಳಗೆ ಸಿಗುತ್ತವೆ. ಸತ್ತ ನಾಗರ ಹಾವು ಕಂಡರೆ ಮನುಷ್ಯನಿಗೆ ಮಾಡುವಂತೆ ಸಂಸ್ಕಾರ ಮಾಡಿ ಸುಡುವ ಪದ್ಧತಿ ಇಂದಿಗೂ ಇದೆ. ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಪೈಕಿ ನಾನಲ್ಲ. ಬನವೆಂದರೆ ಮನುಷ್ಯ ತನಗೆ ತಾನೇ ಹಾಕಿಕೊಂಡ ಒಂದು ಗಡಿ. ಇಲ್ಲಿ ಕತ್ತಿ ತಾಗಿಸಬಾರದು, ಇಲ್ಲಿ ಸುಮ್ಮನೆ ಕಾಲಿಡಬಾರದು ಎಂದು ಒಂದಷ್ಟು ನೆಲವನ್ನು ಬಿಟ್ಟುಕೊಟ್ಟದ್ದು ಸಣ್ಣ ಸಂಗತಿಯಲ್ಲ. ಎಷ್ಟೋ ಕಡೆ ಹಳೆಯ ಮರಗಳು ಉಳಿದಿರುವುದು ಬನಗಳಲ್ಲಿ ಮಾತ್ರ.

ಆದರೆ ಈ ಭಕ್ತಿಗೂ ಒಂದು ಊನವಿದೆ. ಕಲ್ಲಿನ ನಾಗನಿಗೆ ಒಂದು ನ್ಯಾಯ, ಜೀವಂತ ನಾಗನಿಗೆ ಇನ್ನೊಂದು ನ್ಯಾಯ ಎಂಬ ವಿಪರ್ಯಾಸವನ್ನು ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ಎತ್ತಿ ತೋರಿಸಿದ ವಚನ ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು. ಹಾವುಗಳಲ್ಲೂ ನಾವು ಜಾತಿಗಳನ್ನು ಹುಟ್ಟಿಸಿದ್ದೇವೆ. ನಾಗರ ಹಾವಿಗೆ ಬನ, ತಂಬಿಲ, ಆಶ್ಲೇಷಾ ಬಲಿ. ಕನ್ನಡಿ ಹಾವಿಗೆ ಕಲ್ಲು. ಕೇರೆಗೆ ತಾತ್ಸಾರ. ಪೂಜ್ಯವಾದದ್ದನ್ನು ಮಾತ್ರ ಕೊಲ್ಲಬಾರದು ಎಂಬುದು ಹಿಂಸೆಗೆ ಹಾಕಿದ ತಡೆಯಲ್ಲ, ಹಿಂಸೆಯ ಹಂಚಿಕೆ. ಅದಲ್ಲದೆ ಈಚೆಗೆ ಎಷ್ಟೋ ಬನಗಳ ಮರ ಕಡಿದು, ನೆಲಕ್ಕೆ ಕಾಂಕ್ರೀಟು ಹಾಕಿ, ಹೆಂಚು ಹಾಸಿ ಅಂದಗೊಳಿಸಲಾಗಿದೆ. ನಾಗನಿಗೆ ಕಟ್ಟೆ ಸಿಕ್ಕಿತು, ಹಾವಿಗೆ ಮನೆ ಹೋಯಿತು.

ಕೋಲಿನ ಹಿಂದಿರುವುದು ಭಯ. ಭಯವನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58 ಸಾವಿರ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವಿನ ಕಡಿತವನ್ನು ಅಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಯಲ್ಲಿ ಮತ್ತೆ ಸೇರಿಸಿತು. ಅಲಕ್ಷಿತ ಎಂಬ ಪದವನ್ನು ಗಮನಿಸಬೇಕು. ಸಾಯುವವರು ಹೆಚ್ಚಿನವರು ಹಳ್ಳಿಯವರು, ಹೊಲ-ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವವರು, ನೆಲದ ಮೇಲೆ ಮಲಗುವವರು. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಂಚವೂ ಸೊಳ್ಳೆಪರದೆಯೂ ಇರುವವನಿಗೆ ಬರುವ ದಯೆ ಚಾಪೆಯವನಿಗೆ ಅಷ್ಟು ಸುಲಭವಾಗಿ ಬರಬೇಕೆಂದು ಹೇಳುವುದು ನ್ಯಾಯವಲ್ಲ.

ನಮ್ಮ ನೆರೆಯ ತೋಟದಲ್ಲಿ ಅಡಿಕೆ ಹೆಕ್ಕುವ ಹೆಂಗಸೊಬ್ಬರು ಒಮ್ಮೆ ನನಗೆ ನೇರವಾಗಿಯೇ ಕೇಳಿದರು: "ನಿಮಗೆ ಹಾವೆಂದರೆ ಚಿತ್ರ. ನನಗೆ ಅದು ನಾಳೆಯ ಕೂಲಿ. ಹೇಳಿ, ಕೊಲ್ಲದೆ ಏನು ಮಾಡಲಿ?" ಈ ಪ್ರಶ್ನೆಗೆ ಉತ್ತರ ಕೊಡದೆ ಹಾವಿನ ಬಗ್ಗೆ ನೀತಿ ಹೇಳುವ ಅಧಿಕಾರ ಯಾರಿಗೂ ಇಲ್ಲವೆಂದು ನಾನು ನಂಬಿದ್ದೇನೆ. ಒಬ್ಬನ ಕರುಣೆಯ ಬೆಲೆಯನ್ನು ಇನ್ನೊಬ್ಬಳ ಕೈಕಾಲು ತೆರಬೇಕಾದರೆ ಅದು ಕರುಣೆಯಲ್ಲ.

ಇನ್ನು ಕೆಮರಾದ ವಿಚಾರಕ್ಕೆ ಬರೋಣ. ಅದರ ಮೊದಲ ಉಪಕಾರವೆಂದರೆ ಅದು ನಮ್ಮನ್ನು ನಿಂತು ನೋಡುವಂತೆ ಮಾಡಿತು. ಮೊದಲು ಹಾವು ಕಂಡ ಕ್ಷಣಕ್ಕೂ ಕೋಲು ಬೀಳುವ ಕ್ಷಣಕ್ಕೂ ನಡುವೆ ನೋಟವೆಂಬುದೇ ಇರಲಿಲ್ಲ. ನೋಡಲು ತೊಡಗಿದ ಮೇಲೆ ಎಷ್ಟೋ ಕಥೆಗಳು ತಾವಾಗಿಯೇ ಸಡಿಲಗೊಂಡವು. ಕೊಂಬೇರಿ ಮೂರ್ಖನೆಂದು ನಮ್ಮಲ್ಲೂ ಮಲಯಾಳದಲ್ಲೂ ಹೆದರುವ ಹಾವೊಂದಿದೆ. ಕಚ್ಚಿದ ಮೇಲೆ ಮರವೇರಿ ಕುಳಿತು ಸತ್ತವನ ಚಿತೆಯ ಹೊಗೆಯನ್ನು ನೋಡಿಯೇ ಇಳಿಯುತ್ತದೆಂದು ಪ್ರತೀತಿ. ಆ ಹೆಸರಿನಲ್ಲಿ ಸಾಯುವ ಹಾವು ಸಾಮಾನ್ಯವಾಗಿ ಬೆನ್ನ ಮೇಲೆ ಕಂಚಿನ ಬಣ್ಣದ ಪಟ್ಟಿಯಿರುವ, ಹಲ್ಲಿ-ಕಪ್ಪೆ ಹಿಡಿದು ಬದುಕುವ, ವಿಷವಿಲ್ಲದ ಸಾಧು ಹಾವು. ಅದು ಮರವೇರುವುದು ಮರವೇ ಅದರ ಮನೆಯಾದ್ದರಿಂದ. ಎರಡು ಕೇರೆಗಳು ಹೆಣೆದುಕೊಂಡು ಎತ್ತರಕ್ಕೆ ನಿಂತಾಗ ಗಂಡು-ಹೆಣ್ಣೆಂದು ಬಗೆದು ಬಟ್ಟೆ ಹಾಕುವವರಿದ್ದಾರೆ. ಅವು ಎರಡೂ ಗಂಡು, ನಡೆಯುತ್ತಿರುವುದು ಮಲ್ಲಯುದ್ಧ. ಹಾವಿಗೆ ಹನ್ನೆರಡು ವರ್ಷದ ಹಗೆಯೆಂಬ ಮಾತೂ ಹಾಗೆಯೇ. ನಾಗರ ಹಾವನ್ನು ದುಡ್ಡು ಕೊಟ್ಟು ತರಿಸಿ, ಮಲಗಿದ್ದ ಹೆಂಡತಿಗೆ ಕಚ್ಚಿಸಿ ಕೊಂದ ಗಂಡನಿಗೆ ಕೊಲ್ಲಂನ ನ್ಯಾಯಾಲಯ 2021ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಆ ಪ್ರಕರಣದಲ್ಲಿ ಹಗೆ ಯಾರದೆಂದು ಹೇಳಬೇಕೇ?

ಎರಡನೆಯ ಉಪಕಾರ ನಮ್ಮಂತಹ ಗಡಿನಾಡಿನವರಿಗೆ ವಿಶೇಷವಾದದ್ದು. ನಮ್ಮಲ್ಲಿ ಒಂದು ಹಾವಿಗೆ ನಾಲ್ಕು ಹೆಸರು. ಕೊಳಕುಮಂಡಲವೆಂದು ಪುಸ್ತಕದಲ್ಲಿ, ಕನ್ನಡಿ ಹಾವೆಂದು ಮನೆಯಲ್ಲಿ, ಕಂದೊಡಿಯೆಂದು ತುಳುವಿನಲ್ಲಿ, ಅಣಲಿಯೆಂದು ಮಲಯಾಳದಲ್ಲಿ. ಕಟ್ಟುಹಾವು ಅಲ್ಲಿ ವೆಳ್ಳಿಕ್ಕೆಟ್ಟನ್ ಆಗುತ್ತದೆ. ಪೇಟೆಯಲ್ಲಿ, ಕಛೇರಿಯಲ್ಲಿ ಹೇಗೋ ಭಾಷೆ ಹೊಂದಿಸಿಕೊಂಡು ಬಾಳುತ್ತೇವೆ. ಆದರೆ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾಲಗೆ ಒಣಗಿದಾಗ ಬಾಯಿಗೆ ಬರುವುದು ತಾಯಿ ಕಲಿಸಿದ ಹೆಸರು ಮಾತ್ರ.

ತೋಟದ ತರಗೆಲೆ ಸರಿಸುವಾಗ ಬೆರಳಿಗೆ ಕಚ್ಚಿಸಿಕೊಂಡ ಮುದುಕಿಯೊಬ್ಬರ ಜೊತೆಗೆ ಒಂದು ಸಲ ನಾನೂ ಹೋಗಿದ್ದೆ. ವೈದ್ಯರು ಮಲಯಾಳದಲ್ಲಿ "ಅಣಲಿಯೋ, ಮೂರ್ಖನೋ?" ಎಂದು ಕೇಳುತ್ತಾರೆ. ಅಜ್ಜಿ ತುಳುವಿನಲ್ಲಿ ಕಂದೊಡಿಯ ಮರಿಯೆನ್ನುತ್ತಾರೆ. ಮೊಮ್ಮಗ ನಾಲ್ಕು ಮಾರು ದೂರದಿಂದಲೇ ಒಂದು ಫೋಟೋ ತೆಗೆದಿದ್ದ. ಅದನ್ನು ನೋಡಿದ ವೈದ್ಯರಿಗೆ ಅದು ಕನ್ನಡಿ ಹಾವಿನ ಮರಿಯಲ್ಲ, ಮೂಗಿನ ತುದಿ ಮೇಲಕ್ಕೆ ಎದ್ದಿರುವ, ತರಗೆಲೆಯ ಬಣ್ಣದ ಸಣ್ಣ ಕುಳಿಮಂಡಲವೆಂದು ತಿಳಿಯಿತು. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದನ್ನು ನಾಗರ ಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಪಶ್ಚಿಮಘಟ್ಟದ ತೋಟಗಳಲ್ಲಿ ಸಾಮಾನ್ಯವಾದ ಈ ಸಣ್ಣ ಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಅಂಥವರ ರಕ್ತ ಹೆಪ್ಪುಗಟ್ಟುವುದನ್ನೂ ಮೂತ್ರಪಿಂಡವನ್ನೂ ದಿನಗಟ್ಟಲೆ ಕಾಯಬೇಕಾಗುತ್ತದೆ. ಅಜ್ಜಿ ಉಳಿದರು. ನಾಲ್ಕು ಭಾಷೆಗಳ ನಡುವೆ ಆ ರಾತ್ರಿ ದುಭಾಷಿಯ ಕೆಲಸ ಮಾಡಿದ್ದು ಒಂದು ಮಸುಕಾದ ಫೋಟೋ.

ಆದರೆ ಇದರಿಂದ ತಪ್ಪು ಪಾಠ ಕಲಿಯಬಾರದು. ಕಚ್ಚಿದ ಹಾವನ್ನು ಬೆನ್ನಟ್ಟಿ ಫೋಟೋ ತೆಗೆಯಲು ಹೋಗಿ ಎರಡನೆಯ ಸಲ ಕಚ್ಚಿಸಿಕೊಳ್ಳುವುದು ಮೂರ್ಖತನ. ವೈದ್ಯರು ರೋಗಿಯ ಲಕ್ಷಣಗಳನ್ನು ನೋಡಿಯೇ ಚಿಕಿತ್ಸೆ ಮಾಡಬಲ್ಲರು. ಚಿತ್ರ ಸಿಕ್ಕಿದರೆ ಸಹಾಯ, ಸಿಗದಿದ್ದರೆ ಆಸ್ಪತ್ರೆಯ ದಾರಿಯೇ ಮುಖ್ಯ.

ಕೆಮರಾದ ದೋಷಗಳನ್ನೂ ಹೇಳಲೇಬೇಕು. ಕನ್ನಡದಲ್ಲಿ ನಾವು ದೃಶ್ಯವನ್ನು ಸೆರೆಹಿಡಿದೆವು ಎನ್ನುತ್ತೇವೆ. ಮಲಯಾಳದಲ್ಲಿ ಪಡವನ್ನೂ ಪಿಡಿಯುತ್ತಾರೆ, ಪಾಂಬನ್ನೂ ಪಿಡಿಯುತ್ತಾರೆ. ಎರಡೂ ಭಾಷೆಗಳಿಗೆ ಈ ಕೆಲಸದೊಳಗಿನ ಆಸೆ ತಿಳಿದಿದೆ. ನಾಗರ ಹಾವಿನ ಚಿತ್ರಗಳಲ್ಲಿ ಜನ ಹೆಚ್ಚು ಮೆಚ್ಚುವುದು ಹೆಡೆ ಬಿಚ್ಚಿ ನಿಂತದ್ದನ್ನು. ಆದರೆ ಹೆಡೆ ಅದರ ಸೊಬಗಿನ ಪ್ರದರ್ಶನವಲ್ಲ, ಹೆದರಿಕೆಯ ಮಾತು. ಹೋಗಲು ದಾರಿಯಿದ್ದ ಹಾವು ಹೆಡೆ ಬಿಚ್ಚುವುದಿಲ್ಲ, ಹೋಗಿಬಿಡುತ್ತದೆ. ಅಂದರೆ ಅಂತಹ ಚಿತ್ರಗಳಲ್ಲಿ ಬಹುಪಾಲಿನ ಹೊರಗೆ, ಕಾಣದ ಕಡೆ, ದಾರಿಗೆ ಅಡ್ಡ ನಿಂತ ಒಬ್ಬ ಮನುಷ್ಯನಿದ್ದಾನೆ.

ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲಿರುವುದು ಪಾರದರ್ಶಕವಾದ ಒಂದು ಹುರುಪೆ. ಪೊರೆ ಕಳಚುವ ಕೆಲವು ದಿನಗಳ ಮೊದಲು ಅದು ಹಾಲಿನಂತೆ ಮಬ್ಬಾಗುತ್ತದೆ, ಹಾವಿಗೆ ಸರಿಯಾಗಿ ಕಾಣಿಸುವುದಿಲ್ಲ. ಆಗ ಅದು ಒಂದೆಡೆ ಅಡಗಿ ಕುಳಿತಿರುತ್ತದೆ. ಚಿತ್ರಕ್ಕೆ ಅದಕ್ಕಿಂತ ಸುಲಭದ ಸಮಯವಿಲ್ಲ, ಆದರೆ ಹಾವಿಗೆ ಅದು ಬಹಳ ಕಷ್ಟದ ಸಮಯ. ಕಣ್ಣು ಮುಚ್ಚಲಾರದ ಜೀವಿಯ ಎದುರು ಕೆಮರಾದ ಕಣ್ಣನ್ನು ಮುಚ್ಚಬಲ್ಲವರು ನಾವು ಮಾತ್ರ. ಆದ್ದರಿಂದ ಮುಚ್ಚುವ ಹೊಣೆಯೂ ನಮ್ಮದೇ.

ಚಿತ್ರ ತೆಗೆದ ಮೇಲಿನದೂ ಒಂದು ನೀತಿಯಿದೆ. ವಾಟ್ಸಾಪಿನಲ್ಲಿ "ನಮ್ಮ ಕಟ್ಟೆಯ ಸಂದಿನಲ್ಲಿ" ಎಂದು ಬರೆದು ಕಳಿಸಿದ ಚಿತ್ರ ಅರ್ಧ ಗಂಟೆಯಲ್ಲಿ ಊರಿಡೀ ತಿರುಗುತ್ತದೆ. ಸಂಜೆಯೊಳಗೆ ಕಟ್ಟೆಯ ಬಳಿ ಹತ್ತು ಜನ, ಅವರಲ್ಲಿ ಇಬ್ಬರ ಕೈಯಲ್ಲಿ ಕೋಲು. ಗ್ರಾಹಕನ ಖಾತೆಯ ವಿವರವನ್ನು ಹೊರಗೆ ಹೇಳಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹಾವಿನ ವಿಳಾಸಕ್ಕೂ ಅದೇ ಗೌರವ ಸಲ್ಲಬೇಕು. ಯಾರಿಗೆ ತಿಳಿಯಬೇಕೋ ಅವರಿಗೆ, ಎಂದರೆ ಆ ಕಟ್ಟೆಯ ಪಕ್ಕ ನಡೆಯುವವರಿಗೆ ಮತ್ತು ಅಲ್ಲಿ ದುಡಿಯುವವರಿಗೆ ಹೇಳಲೇಬೇಕು. ಉಳಿದವರಿಗೆ ಅದು ಬರಿಯ ತಮಾಷೆ.

ವೇದಾಂತಿಗಳಿಗೆ ಹಗ್ಗ-ಹಾವಿನ ದೃಷ್ಟಾಂತ ಬಹಳ ಪ್ರಿಯ. ಮಬ್ಬು ಬೆಳಕಿನಲ್ಲಿ ಹಗ್ಗವನ್ನು ಕಂಡು ಹಾವೆಂದು ಹೆದರುತ್ತೇವೆ. ದೀಪ ತಂದೊಡನೆ ಹಾವು ಇಲ್ಲವಾಗುತ್ತದೆ, ಭಯವೂ ಹೋಗುತ್ತದೆ. ಆದರೆ ನಮ್ಮ ಅಂಗಳದ ಕಷ್ಟ ಬೇರೆ. ಇಲ್ಲಿ ದೀಪ ತಂದ ಮೇಲೂ ಹಾವು ಹಾವಾಗಿಯೇ ಉಳಿಯುತ್ತದೆ. ಜ್ಞಾನದಿಂದ ಅದು ಮಾಯವಾಗುವುದಿಲ್ಲ. ಹಾಗಾದರೆ ಜ್ಞಾನ ಏನು ಮಾಡಬೇಕು? ನನಗೆ ತೋಚುವುದಿಷ್ಟು: ಎಷ್ಟು ಹೆದರಬೇಕೋ ಅಷ್ಟೇ ಹೆದರುವಂತೆ ಅದು ಕಲಿಸಬೇಕು. ಕಟ್ಟುಹಾವೆಂದು ಬಗೆದು ಗೋಡೆ ಹತ್ತುವ ತೋಳಹಾವನ್ನು ಕೊಲ್ಲದಷ್ಟು, ತೋಳಹಾವೆಂದು ಬಗೆದು ಕಟ್ಟುಹಾವನ್ನು ಮುಟ್ಟದಷ್ಟು. ಗುರುತು ಸಿಗದಿದ್ದರೆ ದೂರ ನಿಲ್ಲುವಷ್ಟು.

ಋಣದ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮದೇ ಜಿಲ್ಲೆಯ ಒಂದು ಘಟನೆ ನೆನಪಾಗುತ್ತದೆ. 2022ರಲ್ಲಿ ಕಾಸರಗೋಡಿನ ಎರಿಯಾಲಿನ ಬಳಿ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸ ನಡೆಯುತ್ತಿದ್ದಾಗ ಮೋರಿಯ ಹತ್ತಿರದ ಪೊಟರೆಯಲ್ಲಿ ಹೆಬ್ಬಾವೊಂದು 24 ಮೊಟ್ಟೆಗಳಿಗೆ ಸುತ್ತುಹಾಕಿ ಕಾವು ಕೊಡುತ್ತಿತ್ತು. ಗುತ್ತಿಗೆ ಹಿಡಿದ ಸಹಕಾರಿ ಸಂಘವು ಆ ಭಾಗದ ಕೆಲಸವನ್ನು 54 ದಿನ ನಿಲ್ಲಿಸಿತು. ಮರಿಗಳಾಗುವ ಹೊತ್ತಿಗೆ ಮೊಟ್ಟೆಗಳನ್ನು ಜೋಪಾನವಾಗಿ ತೆಗೆದು, ಹೊರಬಂದ ಮರಿಗಳನ್ನು ಕಾಡಿಗೆ ಬಿಟ್ಟರು. ರಸ್ತೆ ನಿಲ್ಲಲಿಲ್ಲ, ಕಾಯಿತು. ಆ ಹೆಬ್ಬಾವಿಗೆ ಯಾರೂ ಪೂಜೆ ಮಾಡಲಿಲ್ಲ. ಅದಕ್ಕೆ ಸಿಕ್ಕಿದ್ದು ಸಮಯ. ಹಾವಿಗೆ ನಮ್ಮಿಂದ ಸಲ್ಲಬೇಕಾದದ್ದು ಇದೇ ಇರಬೇಕು: ತನ್ನ ಕೆಲಸ ಮುಗಿಸಲು ಒಂದಿಷ್ಟು ಸಮಯ, ಹೋಗಲು ಒಂದು ದಾರಿ. ಹೆದ್ದಾರಿ 54 ದಿನ ಕಾಯಬಲ್ಲುದಾದರೆ, ಕೇರೆ ಅಂಗಳ ದಾಟುವವರೆಗೆ ಐದು ನಿಮಿಷ ಜಗಲಿಯಲ್ಲಿ ನಿಲ್ಲಲು ನಮಗಾಗದೇ?

ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಇತರರಿಗಿಂತ ಒಂದು ಕಾರಣ ಹೆಚ್ಚಿಗಿದೆ. 1956ರ ನವೆಂಬರ್ 1ರಂದು ನಾವು ಇದ್ದಲ್ಲೇ ಇದ್ದೆವು, ಗೆರೆ ಮಾತ್ರ ಸರಿಯಿತು. ತಾನು ಮೊದಲಿನಿಂದ ಬಾಳಿಕೊಂಡು ಬಂದ ನೆಲದಲ್ಲಿ "ನೀನು ಇಲ್ಲಿ ಹೇಗೆ?" ಎಂಬ ಪ್ರಶ್ನೆ ಕೇಳಿಸಿಕೊಳ್ಳುವುದು ಏನೆಂದು ನಮ್ಮ ಮನೆಗಳಿಗೆ ಗೊತ್ತು. ಆ ಪ್ರಶ್ನೆ ಕೇಳದೆ, ಪಕ್ಕದ ಜಗಲಿಯಿಂದ ಮಲಯಾಳದಲ್ಲಿ ಮಾತನಾಡಿಸಿ ಬಾಳೆಗೊನೆ ಕೊಟ್ಟು ಹೋಗುವ ನೆರೆಯವರು ಎಷ್ಟು ಬೆಲೆಬಾಳುವವರೆಂಬುದೂ ಗೊತ್ತು. ಮನುಷ್ಯರ ವಿಷಯವನ್ನೂ ಹಾವಿನ ವಿಷಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಪೌಳಿ ಕಟ್ಟಿದ ಮರುದಿನವೇ, ಅದರ ಕಲ್ಲಿಗಿಂತ ಹಳೆಯ ದಾರಿಯಲ್ಲಿ ಬಂದ ಜೀವಿಯನ್ನು "ನುಸುಳಿ ಬಂದದ್ದು" ಎನ್ನುವಾಗ ನಮ್ಮ ನಾಲಗೆ ಸ್ವಲ್ಪ ತಡವರಿಸಬೇಕು.

ಹಾಗೆಂದು ಮಲಗುವ ಕೋಣೆಗೆ ಬಂದ ಕಟ್ಟುಹಾವಿಗೂ ಸಮಯ ಕೊಡಿ ಎಂದು ನಾನು ಹೇಳುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೂಡ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದದ್ದನ್ನು ಅಪರಾಧವೆನ್ನುವುದಿಲ್ಲ. ಆದರೆ ಆ ಗಳಿಗೆಯವರೆಗೆ ಹೋಗದಂತೆ ನೋಡಿಕೊಳ್ಳುವ ಕೆಲಸ ಬಹಳಷ್ಟಿದೆ. ಬಾಗಿಲ ಕೆಳಗಿನ ಸಂದು ಮುಚ್ಚುವುದು, ಸಿಪ್ಪೆಯ ರಾಶಿಯನ್ನು ಮನೆಯಿಂದ ದೂರ ಹಾಕುವುದು, ರಾತ್ರಿ ಟಾರ್ಚಿಲ್ಲದೆ ಇಳಿಯದಿರುವುದು. ಕೇರಳ ಅರಣ್ಯ ಇಲಾಖೆ ಹಾವು ಹಿಡಿಯುವವರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತದೆ. ಇಲಾಖೆಯ "ಸರ್ಪ" ಎಂಬ ಆ್ಯಪಿನ ಮೂಲಕ ಹತ್ತಿರದ ಸ್ವಯಂಸೇವಕರನ್ನು ಕರೆಯಬಹುದು.

ಕರೆದವರು ಬರಲು ಮುಕ್ಕಾಲು ಗಂಟೆ ಬೇಕಾದೀತು. ಅಷ್ಟು ಹೊತ್ತು ಹಾವಿನ ಮೇಲೆ ಕಣ್ಣಿಟ್ಟು ದೂರದಲ್ಲಿ ಕಾಯಬೇಕು. ಕಾಯುವವರು ಯಾರು? ಅಡಿಕೆ ಹೆಕ್ಕುವ ಹೆಂಗಸಿನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಲ್ಲಿದೆ. ಕೊಲ್ಲಬೇಡ ಎಂದವನೇ ಕಾಯಬೇಕು. ಅಷ್ಟು ಹೊತ್ತು ಅವಳ ಕೆಲಸ ನಿಂತರೂ ಕೂಲಿ ನಿಲ್ಲಬಾರದು. ತರಗೆಲೆಗೆ ಕೈಹಾಕುವ ಮೊದಲು ಕೆದಕಲು ಅವಳಿಗೊಂದು ಉದ್ದದ ಕೋಲು ಬೇಕು, ಕಾಲಿಗೆ ಗಂಬೂಟು ಬೇಕು, ಕೈಗೆ ದಪ್ಪ ಗವುಸು ಬೇಕು. ಇವನ್ನು ಕೊಳ್ಳಬೇಕಾದವನು ತೋಟದ ಯಜಮಾನ. ಕೆಮರಾಕ್ಕೆ ಹೊಸ ಮಸೂರ ಕೊಳ್ಳಬೇಕೆಂದು ಆಸೆಪಡುವ ನನ್ನಂಥವರು ಮೊದಲು ಗಂಬೂಟಿನ ಅಂಗಡಿಗೆ ಹೋಗಿ ಬರುವುದು ಒಳ್ಳೆಯದು. ಬೆಲೆಯಲ್ಲಿ ಅದು ಮಸೂರಕ್ಕಿಂತ ಬಹಳ ಅಗ್ಗ, ಮಳೆಗಾಲಕ್ಕೆ ಮೊದಲೇ ತಂದಿಟ್ಟರೆ ಅಳತೆಯೂ ಸರಿಯಾಗಿ ಸಿಗುತ್ತದೆ.